ಎರಡು ಶೆಲ್ಲಿನ ಆಯುಷ್ಯ

ಮನೆಯೊಳಗಿನ ವಸ್ತುಗಳಲ್ಲಿ ಚರಿತ್ರೆಯೇ ಇಲ್ಲವೆಂದು ನಾವು ಅಂದುಕೊಂಡಿರುವ ವಸ್ತು ರಿಮೋಟು. ಬೀಸುವ ಕಲ್ಲಿಗೆ ಹಾಡುಗಳಿವೆ, ಲಾಂದ್ರಕ್ಕೆ ನೆನಪುಗಳಿವೆ, ರೇಡಿಯೋಕ್ಕೆ ಪ್ರಬಂಧಗಳೇ ಇವೆ. ರಿಮೋಟಿಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಚೀಲ ಮತ್ತು ಅದರ ಮೇಲೊಂದು ರಬ್ಬರ್ ಬ್ಯಾಂಡು. ಆದರೆ ಅದರ ಹೊಟ್ಟೆಯೊಳಗಿನ ಎರಡು ಶೆಲ್ಲಿನ ಬಗ್ಗೆ ನಮ್ಮ ಕಡೆಯ ಮನೆಗಳಲ್ಲಿ ಇರುವ ಕಾಳಜಿ ಸಣ್ಣದಲ್ಲ. ದುರ್ಬಲವಾದ ಶೆಲ್ಲನ್ನು ತೆಗೆದು ಬಿಸಿಲಿಗಿಡುತ್ತಾರೆ, ಹಲ್ಲಿನಿಂದ ಕಚ್ಚುತ್ತಾರೆ, ಸ್ಥಾನ ಅದಲುಬದಲು ಮಾಡುತ್ತಾರೆ, ಗೋಡೆಯ ಗಡಿಯಾರದ ಶೆಲ್ಲನ್ನು ಇದಕ್ಕೂ ಇದರದನ್ನು ಅದಕ್ಕೂ ಹಾಕಿ ಇನ್ನೊಂದು ತಿಂಗಳು ದೂಡುತ್ತಾರೆ. ಇದನ್ನು ಜಿಪುಣತನವೆಂದು ನಗಬಹುದು. ತಂತ್ರಜ್ಞಾನದ ಚರಿತ್ರೆಯ ದೃಷ್ಟಿಯಿಂದ ನೋಡಿದರೆ, ರಿಮೋಟನ್ನು ರೂಪಿಸಿದ ಇಂಜಿನಿಯರುಗಳು ಎಪ್ಪತ್ತು ವರ್ಷ ತಲೆಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ: ಕೈಯಲ್ಲಿರುವ ಈ ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬರಬೇಕು, ಎಷ್ಟು ದಿನ ಬರಬೇಕು, ಅದರ ಬೆಲೆಯನ್ನು ಯಾರು ತೆರಬೇಕು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಬೆಳಗಾವಿ ಜಿಲ್ಲೆಯ ಊರುಗಳು. ಚರಿತ್ರೆಯ ಪುಸ್ತಕಗಳಲ್ಲಿ ಕಿತ್ತೂರೆಂದರೆ ಚೆನ್ನಮ್ಮ, ಬೈಲಹೊಂಗಲವೆಂದರೆ ಅವಳ ಸಮಾಧಿ, ಸವದತ್ತಿಯೆಂದರೆ ಯಲ್ಲಮ್ಮನ ಗುಡ್ಡ, ರಾಮದುರ್ಗವೆಂದರೆ ಒಂದು ಹಳೆಯ ಸಂಸ್ಥಾನ. ಈ ಊರುಗಳ ಸುತ್ತಲಿನ ಹಳ್ಳಿಗಳಿಗೆ ಇನ್ನೊಂದು ಚರಿತ್ರೆಯೂ ಇದೆ. ಅದು ತಂತಿಯಲ್ಲಿ ಬರುವ ಕರೆಂಟಿಗಿಂತ ಮೊದಲು ಶೆಲ್ಲಿನಲ್ಲಿ ಬಂದ ಕರೆಂಟಿನ ಚರಿತ್ರೆ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಅದರ ಮಧ್ಯಮ ತರಂಗಗಳು ಈ ಎಲ್ಲ ಊರುಗಳ ಮೇಲೂ ಹಾಯ್ದು ಹೋಗುತ್ತಿದ್ದವು. ಕೇಳಲು ರೇಡಿಯೋ ಬೇಕಿತ್ತು, ರೇಡಿಯೋಕ್ಕೆ ವಿದ್ಯುತ್ತು ಬೇಕಿತ್ತು. ಅಂದಿನ ರೇಡಿಯೋ ವಾಲ್ವಿನದು. ವಾಲ್ವು ಎಂದರೆ ಒಳಗೊಂದು ತಂತಿ ಕಾದು ಕೆಂಪಾಗಿಯೇ ಇರಬೇಕಾದ ಗಾಜಿನ ಬುರುಡೆ. ಹಾಡು ಬರಲಿ ಬಾರದಿರಲಿ, ಅದು ಕಾಯುತ್ತಲೇ ಇರಬೇಕು. ಕರೆಂಟಿಲ್ಲದ ಊರಿನಲ್ಲಿ ಅದನ್ನು ನಡೆಸಲು ಇಟ್ಟಿಗೆಯಷ್ಟು ಭಾರದ ಬ್ಯಾಟರಿ ಬೇಕಾಗುತ್ತಿತ್ತು.

1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಈ ಕಾಯುವ ಖರ್ಚನ್ನು ಇಲ್ಲವಾಗಿಸಿತು. 1954ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ರೀಜೆನ್ಸಿ ಟಿಆರ್-1ಕ್ಕೆ ಟ್ರಾನ್ಸಿಸ್ಟರುಗಳನ್ನು ಒದಗಿಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. ಆ ಕಂಪನಿಯ ಹೆಸರು ಮುಂದೆಯೂ ಬರುತ್ತದೆ, ನೆನಪಿರಲಿ. ಟಾರ್ಚಿನ ಶೆಲ್ಲುಗಳಿಂದಲೇ ಹಾಡುವ ರೇಡಿಯೋ ಹೊಲದ ಬದುವಿಗೆ, ಎತ್ತಿನ ಗಾಡಿಗೆ, ಹಟ್ಟಿಯ ಕಟ್ಟೆಗೆ ಬಂತು. ಜನ ರೇಡಿಯೋ ಎನ್ನುವುದನ್ನೇ ಬಿಟ್ಟು ‘ಟ್ರಾನ್ಸಿಸ್ಟರ್’ ಎನ್ನತೊಡಗಿದರು. ವಿದ್ಯುತ್ತನ್ನು ಉಳಿಸುವ ಒಂದು ಬಿಡಿಭಾಗದ ಹೆಸರೇ ಇಡೀ ಯಂತ್ರದ ಹೆಸರಾಯಿತು.

ರೇಡಿಯೋ ಶೆಲ್ಲಿನತ್ತ ಸಾಗುತ್ತಿದ್ದ ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ರಿಮೋಟು ಶೆಲ್ಲಿನಿಂದ ದೂರ ಓಡುತ್ತಿತ್ತು. ಶಿಕಾಗೋದ ಝೆನಿತ್ ಕಂಪನಿ 1950ರಲ್ಲಿ ‘ಲೇಜಿ ಬೋನ್ಸ್’ ಎಂಬ ರಿಮೋಟು ತಂದಿತು. ಟಿವಿಯಿಂದ ಕುರ್ಚಿಯವರೆಗೆ ಎಳೆದ ತಂತಿ ಅದು. ಜನ ಎಡವಿ ಬೀಳುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ರೂಪಿಸಿದ ‘ಫ್ಲ್ಯಾಶ್-ಮ್ಯಾಟಿಕ್’ ಬಂತು. ಪಿಸ್ತೂಲಿನಂಥ ಟಾರ್ಚಿನಿಂದ ಟಿವಿಯ ನಾಲ್ಕು ಮೂಲೆಗಳಲ್ಲಿದ್ದ ಬೆಳಕಿನ ಕಣ್ಣುಗಳಿಗೆ ಗುರಿಯಿಡಬೇಕಿತ್ತು. ಕಿಟಕಿಯಿಂದ ಬಿಸಿಲು ಬಿದ್ದರೂ ಚಾನೆಲ್ಲು ಬದಲಾಗುತ್ತಿತ್ತು. ಮುಂದಿನ ವರ್ಷ ಆಸ್ಟ್ರಿಯಾ ಮೂಲದ ರಾಬರ್ಟ್ ಆಡ್ಲರ್ ಕೊಟ್ಟ ‘ಸ್ಪೇಸ್ ಕಮಾಂಡ್’ ರಿಮೋಟಿನೊಳಗೆ ಶೆಲ್ಲೇ ಇರಲಿಲ್ಲ. ನಾಲ್ಕು ಅಲ್ಯುಮಿನಿಯಂ ಸರಳುಗಳು, ಅವನ್ನು ಬಡಿಯುವ ಪುಟ್ಟ ಸುತ್ತಿಗೆಗಳು, ಅಷ್ಟೆ. ಗುಂಡಿ ಒತ್ತಿದರೆ ಸುತ್ತಿಗೆ ಸರಳಿಗೆ ತಾಗಿ, ಸೆಕೆಂಡಿಗೆ ಸುಮಾರು 40 ಸಾವಿರ ಕಂಪನಗಳ, ಮನುಷ್ಯರ ಕಿವಿಗೆ ಕೇಳದ ನಾದ ಹೊರಡುತ್ತಿತ್ತು. ದೇವಸ್ಥಾನದ ಜಾಗಟೆಯ ತತ್ವವೇ ಇಲ್ಲಿಯೂ ಇದ್ದದ್ದು.

ಶೆಲ್ಲು ಯಾಕೆ ಬೇಡವಾಯಿತು ಎನ್ನುವುದಕ್ಕೆ ಕಂಪನಿಯ ಚರಿತ್ರೆಯೇ ಕೊಡುವ ಕಾರಣ ಸ್ವಾರಸ್ಯಕರವಾಗಿದೆ. ಶೆಲ್ಲು ಸತ್ತರೆ ಗಿರಾಕಿ ಟಿವಿಯೇ ಕೆಟ್ಟಿತೆಂದು ತಿಳಿಯುತ್ತಾನೆ ಎಂಬುದು ಮಾರಾಟಗಾರರ ಭಯವಾಗಿತ್ತು. ಹಾಗಾದರೆ ಶೆಲ್ಲಿಲ್ಲದ ರಿಮೋಟಿನ ಖರ್ಚು ಎಲ್ಲಿ ಹೋಯಿತು? ಅದು ಟಿವಿಯೊಳಗೆ ಹೋಯಿತು. ಆ ಸೂಕ್ಷ್ಮ ನಾದವನ್ನು ಹಿಡಿಯಲು ಟಿವಿಗೆ ಆರು ಹೆಚ್ಚುವರಿ ವಾಲ್ವುಗಳು ಬೇಕಾದವು, ಬೆಲೆ ಸುಮಾರು ಮೂರನೇ ಒಂದು ಭಾಗ ಏರಿತು. ಹೇಳುವವನು ಹಗುರಾದಷ್ಟೂ ಕೇಳುವವನು ಭಾರವಾದ. ರಿಮೋಟಿನ ಚರಿತ್ರೆಯುದ್ದಕ್ಕೂ ಮರುಕಳಿಸುವ ಸೂತ್ರವಿದು: ಕೇಳುವವನು ಎಚ್ಚರವಿದ್ದರೆ ಮಾತ್ರ ಹೇಳುವವನು ನಿದ್ದೆ ಮಾಡಬಹುದು.

ನಮ್ಮ ಕಡೆಗೆ ಟಿವಿಯೇ ತಡವಾಗಿ ಬಂತು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ರಾಮದುರ್ಗದ ಗಡಿ ದಾಟಿದರೆ ಅಂದಿನ ವಿಜಾಪುರ ಜಿಲ್ಲೆ. ಅಂದರೆ ಪ್ರಯೋಗ ಪಕ್ಕದ ತಾಲ್ಲೂಕಿನ ಬಾಗಿಲಿಗೆ ಬಂದು ನಿಂತಿತ್ತು. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾಯಿತು. ಆ ಕಾಲದ ಟಿವಿಗೆ ತಿರುಗಿಸುವ ಗುಬ್ಬಿಗಳಿದ್ದವು. ಒಂದೇ ಚಾನೆಲ್ಲಿಗೆ ರಿಮೋಟು ಯಾಕೆ? ತೊಂಬತ್ತರ ದಶಕದ ಕೇಬಲ್ ಚಾನೆಲ್ಲುಗಳನ್ನು ಹೆಚ್ಚಿಸಿ ರಿಮೋಟನ್ನು ಅನುಕೂಲವಾಗಿಸಿತು. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಮತ್ತು ಖಾಸಗಿ ಡಿಟಿಎಚ್‌ಗಳು ಅದನ್ನು ಅನಿವಾರ್ಯವಾಗಿಸಿದವು. ಹೆಂಚಿನ ಮನೆಯ ಮೇಲೂ ತಟ್ಟೆಯಂಥ ಆಂಟೆನಾ ಕುಳಿತಾಗ, ಅದರ ಕೆಳಗಿನ ಡಬ್ಬಿಯನ್ನು ರಿಮೋಟಿಲ್ಲದೆ ನಡೆಸುವುದು ಬಹುಮಟ್ಟಿಗೆ ಸಾಧ್ಯವಿರಲಿಲ್ಲ. ಅಂದಿನಿಂದ ಎರಡು ಶೆಲ್ಲು ಸತ್ತರೆ ಇಡೀ ಟಿವಿ ಸತ್ತಂತೆ. ಝೆನಿತ್ ಮಾರಾಟಗಾರರ ಭಯ ಅರ್ಧ ಶತಮಾನದ ನಂತರ ನಮ್ಮಲ್ಲಿ ನಿಜವಾಯಿತು.

ಅಷ್ಟರಲ್ಲಿ ರಿಮೋಟು ನಾದವನ್ನು ಬಿಟ್ಟು ಕಣ್ಣಿಗೆ ಕಾಣದ ಬೆಳಕಿಗೆ, ಅವಕೆಂಪು ಕಿರಣಕ್ಕೆ, ಬದಲಾಗಿತ್ತು. ಈ ಬೆಳಕು ಸುಮ್ಮನೆ ಹೊಳೆಯುವುದಿಲ್ಲ. ಬಿಸಿಲು, ಬಲ್ಬು, ಒಲೆಯ ಬೆಂಕಿಗಳಲ್ಲೂ ಅವಕೆಂಪು ಇರುವುದರಿಂದ ತನ್ನ ಬೆಳಕಿಗೊಂದು ಗುರುತು ಬೇಕು. ಅದಕ್ಕೆ ಸೆಕೆಂಡಿಗೆ ಸುಮಾರು 38 ಸಾವಿರ ಬಾರಿ ಮಿನುಗುತ್ತದೆ. ಈ 38 ಎಲ್ಲಿಂದ ಬಂತು? ಮಧ್ಯಮ ತರಂಗದ ರೇಡಿಯೋಗಳು ಯಾವ ನಿಲಯವನ್ನು ಹಿಡಿದರೂ ಒಳಗೆ ಅದನ್ನು 455 ಕಿಲೋಹರ್ಟ್ಸ್‌ಗೆ ಇಳಿಸಿಕೊಂಡೇ ಕೇಳಿಸುತ್ತಿದ್ದವು. ಹಾಗಾಗಿ 455ಕ್ಕೆ ಮಿಡಿಯುವ ಪಿಂಗಾಣಿಯ ಪುಟ್ಟ ಬಿಡಿಭಾಗ ಅಗ್ಗವಾಗಿ ಎಲ್ಲೆಡೆ ಸಿಗುತ್ತಿತ್ತು. ಅದನ್ನು 12ರಿಂದ ಭಾಗಿಸಿದರೆ 37.9. ಧಾರವಾಡ ಕೇಳಿಸುತ್ತಿದ್ದ ಟ್ರಾನ್ಸಿಸ್ಟರಿನೊಳಗಿನ ಸಂಖ್ಯೆಯೇ ರಿಮೋಟಿನ ಬೆಳಕಿನಲ್ಲಿ ಇಂದಿಗೂ ಮಿನುಗುತ್ತಿದೆ.

ಈ ಮಿನುಗಿನ ಮೇಲೆ ಬರೆಯುವ ಸಂದೇಶಕ್ಕೆ ಹಲವು ಲಿಪಿಗಳಿವೆ. ಫಿಲಿಪ್ಸ್ ಕಂಪನಿಯದು ಆರ್‌ಸಿ-5, ಜಪಾನಿನ ಎನ್‌ಇಸಿಯದು ಇನ್ನೊಂದು. ಛಂದಸ್ಸು ಓದಿದವರಿಗೆ ಎನ್‌ಇಸಿಯ ಲಿಪಿ ಕೂಡಲೇ ಅರ್ಥವಾಗುತ್ತದೆ. ಅದರಲ್ಲಿ ಸೊನ್ನೆಗೆ 1.125 ಮಿಲಿಸೆಕೆಂಡು, ಒಂದಕ್ಕೆ ಅದರ ಸರಿಯಾಗಿ ಎರಡು ಪಟ್ಟು, 2.25 ಮಿಲಿಸೆಕೆಂಡು. ಸೊನ್ನೆ ಲಘು, ಒಂದು ಗುರು. ಸಾಲಿನಲ್ಲಿ 32 ಅಕ್ಷರ. ಮೊದಲ ಎಂಟು ಅಕ್ಷರ ಇದು ಯಾವ ಯಂತ್ರಕ್ಕೆ ಎಂದು ಹೇಳುತ್ತವೆ. ನಂತರದ ಎಂಟರಲ್ಲಿ ಅದೇ ಮಾತು ತಲೆಕೆಳಗಾಗಿ ಬರುತ್ತದೆ: ಲಘುವಿದ್ದಲ್ಲಿ ಗುರು, ಗುರುವಿದ್ದಲ್ಲಿ ಲಘು. ಮುಂದಿನ ಎಂಟು ಯಾವ ಗುಂಡಿಯೆಂಬುದನ್ನೂ ಕೊನೆಯ ಎಂಟು ಅದರ ತಿರುವನ್ನೂ ಹೇಳುತ್ತವೆ. ಹೀಗಾಗಿ ಯಾವ ಗುಂಡಿ ಒತ್ತಿದರೂ 16 ಲಘು, 16 ಗುರು, ಒಟ್ಟು 48 ಮಾತ್ರೆ. ಆರಂಭದ ದೀರ್ಘ ಸನ್ನೆಯದು ಸರಿಯಾಗಿ 12 ಮಾತ್ರೆ. ಷಟ್ಪದಿಯ ಸಾಲಿನಲ್ಲಿ ಮಾತ್ರೆ ತಪ್ಪಿದರೆ ಕಿವಿಗೆ ತಿಳಿಯುವಂತೆ ಇಲ್ಲಿ ಲೆಕ್ಕ ತಪ್ಪಿದರೆ ಟಿವಿಗೆ ತಿಳಿಯುತ್ತದೆ; ಅದು ಆ ಸಾಲನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಈ ಸಾಲನ್ನು ಹಾಡಲು ಮೊದಲು ಅದೊಂದನ್ನೇ ಬಲ್ಲ ಚಿಪ್ಪುಗಳಿದ್ದವು. ಕಾರ್ಖಾನೆಯಲ್ಲಿ ಕಲಿಸಿದ್ದನ್ನಷ್ಟೇ ಅವು ಹೇಳುತ್ತಿದ್ದವು. ಹೊಸ ಪಾಠ ಹೇಳಿಕೊಡಬಹುದಾದ ಚಿಪ್ಪು, ಅಂದರೆ ಮೈಕ್ರೋಕಂಟ್ರೋಲರ್, ಅಗ್ಗವಾದಾಗ ಚಿತ್ರ ಬದಲಾಯಿತು. ಆಪಲ್‌ನ ಸಹಸಂಸ್ಥಾಪಕ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ಹೊರತಂದ, ಕಲಿಸಬಹುದಾದ ‘ಕೋರ್’ ರಿಮೋಟು ಈ ದಾರಿಯ ಒಂದು ಮೈಲಿಗಲ್ಲು. ನಮ್ಮ ಜಿಲ್ಲೆಗೆ ಈ ವಿದ್ಯೆ ಬಂದದ್ದು ಕಾಲೇಜುಗಳ ಮೂಲಕ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಬೆಳಗಾವಿಯಲ್ಲಿ ನೆಲೆಗೊಂಡಿತು. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಓದುವ ಮೈಕ್ರೋಕಂಟ್ರೋಲರ್ ಪಠ್ಯ ಬೈಲಹೊಂಗಲಕ್ಕೆ ಬಸ್ಸಿನ ದೂರದಲ್ಲಿ ನಿಗದಿಯಾಗತೊಡಗಿತು. ಪಠ್ಯದ ಕೇಂದ್ರದಲ್ಲಿದ್ದದ್ದು 1980ರಲ್ಲಿ ಇಂಟೆಲ್ ತಂದ 8051 ಎಂಬ ಚಿಪ್ಪು. ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಅದರ ವಂಶದ 89ಸಿ51, ಅವಕೆಂಪು ಹಿಡಿಯುವ ಮೂರು ಕಾಲಿನ ಟಿಎಸ್‌ಒಪಿ1738, ಒಂದು 9 ವೋಲ್ಟಿನ ಚೌಕ ಬ್ಯಾಟರಿ, ಅದನ್ನು 5 ವೋಲ್ಟಿಗೆ ಇಳಿಸುವ 7805 ಇವು ನಾಲ್ಕು ಸೇರಿದರೆ ರಿಮೋಟಿನಿಂದ ದೀಪ, ಫ್ಯಾನು, ಮೋಟರು ಏನು ಬೇಕಾದರೂ ನಡೆಯುತ್ತಿತ್ತು. ಪರೀಕ್ಷಕರ ಮುಂದೆ ಹತ್ತು ನಿಮಿಷ ನಡೆದರೆ ಸಾಕಿತ್ತು.

ಆದರೆ ಮನೆಯ ರಿಮೋಟು ನಡೆಯಬೇಕಾದದ್ದು ಹತ್ತು ನಿಮಿಷವಲ್ಲ, ಎರಡು ವರ್ಷ. ಅಲ್ಲಿ ಲೆಕ್ಕವೇ ಬೇರೆ. 7805 ಏನೂ ಕೆಲಸ ಮಾಡದಿದ್ದರೂ ತನ್ನಷ್ಟಕ್ಕೆ ಸುಮಾರು 5 ಮಿಲಿಆಂಪು ಕುಡಿಯುತ್ತದೆ. ಸಾಧಾರಣ 9 ವೋಲ್ಟ್ ಬ್ಯಾಟರಿಯಲ್ಲಿ 400 ಮಿಲಿಆಂಪ್ ಗಂಟೆಯಷ್ಟು ದಾಸ್ತಾನು ಎಂದಿಟ್ಟುಕೊಂಡರೆ, ಯಾರೂ ಗುಂಡಿ ಒತ್ತದಿದ್ದರೂ 80 ಗಂಟೆಗೆ, ಮೂರು ದಿನ ಚಿಲ್ಲರೆಗೆ ಅದು ಖಾಲಿ. ಎಚ್ಚರವಾಗಿರುವ 89ಸಿ51 ಇನ್ನೂ ಹತ್ತಾರು ಮಿಲಿಆಂಪು ಕೇಳುತ್ತದೆ. ಸಂದೇಶ ಕಳಿಸುವ ಖರ್ಚು ಇಲ್ಲಿ ಲೆಕ್ಕಕ್ಕೇ ಇಲ್ಲ. ಶೆಲ್ಲನ್ನು ಕೊಲ್ಲುವುದು ಕಾಯುವಿಕೆ. ವಾಲ್ವ್ ರೇಡಿಯೋದ ಹಳೆಯ ರೋಗ ಹೊಸ ವೇಷದಲ್ಲಿ ಮರಳಿತ್ತು.

ಇದರ ಮದ್ದು ನಿದ್ದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ, ಅದೇ ರೀಜೆನ್ಸಿ ರೇಡಿಯೋದ ಕಂಪನಿ, 1985ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು ನಮ್ಮ ಸಾಫ್ಟ್‌ವೇರ್ ಚರಿತ್ರೆಯ ಪರಿಚಿತ ಪುಟ. ತೊಂಬತ್ತರ ದಶಕದ ಆರಂಭದಲ್ಲಿ ಅದರ ಜರ್ಮನಿಯ ಫ್ರೈಸಿಂಗ್ ಘಟಕದಲ್ಲಿ ಎಂಎಸ್‌ಪಿ430 ಎಂಬ ಚಿಪ್ಪು ರೂಪುಗೊಂಡಿತು. ಶೆಲ್ಲಿನ ಮೇಲೆ ವರ್ಷಗಟ್ಟಲೆ ಬದುಕಬೇಕಾದ ಮೀಟರುಗಳು ಅದರ ಮೊದಲ ಗುರಿ. ಗಾಢ ನಿದ್ದೆಯಲ್ಲಿ ಅದು ಕುಡಿಯುವುದು ಮೈಕ್ರೋಆಂಪಿನ ಹತ್ತನೇ ಒಂದು ಭಾಗದಷ್ಟು. ಎಚ್ಚರಾಗಲು ಬೇಕಾದದ್ದು ಕೆಲವು ಮೈಕ್ರೋಸೆಕೆಂಡು. 2010ರ ಪಠ್ಯಕ್ರಮದಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ 8051ರ ಪಕ್ಕದಲ್ಲೇ ಈ ಚಿಪ್ಪನ್ನೂ ಇಟ್ಟಿತು. ಒಂದೇ ಪುಸ್ತಕದಲ್ಲಿ ಕೆಲಸ ಕಲಿಸುವ ಚಿಪ್ಪು ಮತ್ತು ನಿದ್ದೆ ಕಲಿಸುವ ಚಿಪ್ಪು ಎರಡೂ ಇದ್ದವು.

ನಿದ್ದೆಯ ಸುತ್ತ ರಿಮೋಟು ಕಟ್ಟುವುದೆಂದರೆ ಹೀಗೆ. ಮೊದಲು 7805 ಹೋಗುತ್ತದೆ, 1.8ರಿಂದ 3.6 ವೋಲ್ಟಿನವರೆಗೆ ನಡೆಯುವ ಚಿಪ್ಪಿಗೆ ಎರಡು ಶೆಲ್ಲು ನೇರವಾಗಿ ಸಾಕು. ಹೊಸದರಲ್ಲಿ ಅವುಗಳದು 3 ವೋಲ್ಟು, ಮುದಿಯಾದಾಗ 1.8, ಪೂರ್ತಿ ಆಯುಷ್ಯ ಬಳಕೆಗೆ ಸಿಗುತ್ತದೆ. ಗುಂಡಿಗಳನ್ನು ಅಡ್ಡಸಾಲು, ಉದ್ದಸಾಲುಗಳ ಹೊಲದಂತೆ ಹೆಣೆಯುತ್ತಾರೆ. ಎಂಟು ಅಡ್ಡ, ಎಂಟು ಉದ್ದ ಎಂದರೆ 16 ತಂತಿಗೆ 64 ಗುಂಡಿ. ಚಿಪ್ಪು ನಿದ್ದೆಯಲ್ಲಿರುವಾಗ ಯಾರೂ ಹೊಲ ಸುತ್ತುವುದಿಲ್ಲ. ಯಾವುದೋ ಗುಂಡಿ ಒತ್ತಿದಾಗ ಒಂದು ತಂತಿಯ ವೋಲ್ಟೇಜು ಬಿದ್ದು ಅದೇ ಚಿಪ್ಪನ್ನು ಎಬ್ಬಿಸುತ್ತದೆ, ಅಂಗಳದ ನಾಯಿ ಕಿವಿಯೊಂದನ್ನು ತೆರೆದಿಟ್ಟು ಮಲಗಿದ ಹಾಗೆ. ಎದ್ದ ಚಿಪ್ಪು ಯಾವ ಗುಂಡಿಯೆಂದು ನೋಡಿ, ಒತ್ತು ನಿಜವೇ ಎಂದು ಇಪ್ಪತ್ತು ಮಿಲಿಸೆಕೆಂಡು ಕಾದು, ಸಾಲನ್ನು ಹಾಡಿ ಮಲಗುತ್ತದೆ. ಬೆಳಕಿನ ದೀಪಕ್ಕೆ ಕ್ಷಣಮಾತ್ರ 100 ಮಿಲಿಆಂಪಿನ ಒದೆ ಬೇಕು. ದಣಿದ ಶೆಲ್ಲು ಅದನ್ನು ಒಮ್ಮೆಲೇ ಕೊಡಲಾರದು. ಪಕ್ಕದಲ್ಲಿ ಒಂದು ಕೆಪ್ಯಾಸಿಟರ್ ನೀರಿನ ತೊಟ್ಟಿಯಂತೆ ತುಂಬಿಕೊಂಡಿದ್ದು ಆ ಹೊತ್ತಿಗೆ ಸುರಿಯುತ್ತದೆ. ಹಾಸಿಗೆಯ ಕೆಳಗೆ ಸಿಕ್ಕಿ ಗುಂಡಿ ಒತ್ತಿಕೊಂಡೇ ಇದ್ದರೆ? ಅರ್ಧ ನಿಮಿಷ ನೋಡಿ, ಇದು ಮನುಷ್ಯರ ಬೆರಳಲ್ಲವೆಂದು ತೀರ್ಮಾನಿಸಿ ಮಲಗಲು ಅದಕ್ಕೆ ಕಲಿಸಿರಬೇಕು.

ಈಗ ಲೆಕ್ಕ ಹಾಕೋಣ. ಎನ್‌ಇಸಿಯ ಒಂದು ಸಾಲಿನಲ್ಲಿ ದೀಪ ನಿಜವಾಗಿ ಉರಿಯುವುದು ಸುಮಾರು 9 ಮಿಲಿಸೆಕೆಂಡು. ದಿನಕ್ಕೆ 200 ಬಾರಿ ಒತ್ತಿ, ಪ್ರತಿಬಾರಿ ಬೆರಳು ಒಂದೆರಡು ಕ್ಷಣ ತಡೆದರೂ ವರ್ಷದ ಖರ್ಚು 30 ಮಿಲಿಆಂಪ್ ಗಂಟೆಯ ಆಸುಪಾಸು. ಇಡೀ ರಿಮೋಟು ನಿದ್ದೆಯಲ್ಲಿ ಒಂದು ಮೈಕ್ರೋಆಂಪು ಕುಡಿದರೆ ವರ್ಷಕ್ಕೆ ಇನ್ನೊಂದು 9. ಒಳ್ಳೆಯ ಸಣ್ಣ ಶೆಲ್ಲಿನಲ್ಲಿರುವುದು ಸುಮಾರು 1000. ಕಾಗದದ ಮೇಲೆ ಇದು 25 ವರ್ಷದ ಆಯುಷ್ಯ! ಅಷ್ಟರೊಳಗೆ ಶೆಲ್ಲು ತಾನೇ ಒಣಗಿ, ಸೋರಿ ಸಾಯುತ್ತದೆ. ಅದೇ ಚಿಪ್ಪು ಮಲಗದೆ ಒಂದೇ ಒಂದು ಮಿಲಿಆಂಪು ಕುಡಿಯುತ್ತ ಕುಳಿತರೆ ಆಯುಷ್ಯ 42 ದಿನ. ಬಿಸಿಲಿಗಿಟ್ಟ ಶೆಲ್ಲು ಸ್ವಲ್ಪ ಚೇತರಿಸಿಕೊಳ್ಳುವುದೂ ಈ ಲೆಕ್ಕದ ಅಂಚಿನಲ್ಲೇ ಇದೆ: ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನಷ್ಟು ಸಾಲು ಹಾಡುವ ಶಕ್ತಿ ಬರುತ್ತದೆ. ಮನೆಯವರ ಉಪಾಯವನ್ನು ರಸಾಯನಶಾಸ್ತ್ರ ಒಪ್ಪುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಮಿತವ್ಯಯದ ವಿಜಯಗಾಥೆ. ಆದರೆ ಸ್ಪೇಸ್ ಕಮಾಂಡಿನ ಸೂತ್ರವನ್ನು ಮರೆಯುವಂತಿಲ್ಲ. ರಿಮೋಟು ಮಲಗಿರುವುದು ಟಿವಿ ಎಚ್ಚರವಿರುವುದರಿಂದ. ಗೋಡೆಯ ಟಿವಿಯ ಕೆಂಪು ಚುಕ್ಕೆ ಹಗಲಿರುಳು ಆ ಒಂದು ಸಾಲಿಗಾಗಿ ಕಾಯುತ್ತದೆ. 1999ರಲ್ಲಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹೀಗೆ ಕಾಯುವ ಯಂತ್ರಗಳು ಒಂದು ವ್ಯಾಟಿಗಿಂತ ಹೆಚ್ಚು ಬಳಸಬಾರದೆಂಬ ಗುರಿ ಮುಂದಿಟ್ಟಿತು. ಆ ಗುರಿ ಮುಟ್ಟಿದ ಟಿವಿಯೂ ಕಾಯುವುದಕ್ಕೇ ವರ್ಷಕ್ಕೆ ಸುಮಾರು 9 ಯೂನಿಟ್ಟು ಬಳಸುತ್ತದೆ. ರಿಮೋಟಿನ ಇಡೀ ವರ್ಷದ ಖರ್ಚನ್ನು ಅದು ಏಳೆಂಟು ನಿಮಿಷದಲ್ಲಿ ಮುಗಿಸುತ್ತದೆ. ಎರಡು ಶೆಲ್ಲಿನ ಪೂರ್ತಿ ದಾಸ್ತಾನನ್ನು ಮೂರು ಗಂಟೆಯಲ್ಲಿ. ಕರ್ನಾಟಕದಲ್ಲಿ ಬಡವರ ಮನೆಗೆ ಭಾಗ್ಯಜ್ಯೋತಿ ಯೋಜನೆ ಕೊಟ್ಟದ್ದು 40 ವ್ಯಾಟಿನ ಒಂದು ಬಲ್ಬು. ಎರಡು ಶೆಲ್ಲಿನ ಶಕ್ತಿ ಆ ಬಲ್ಬಿಗೆ ನಾಲ್ಕೂವರೆ ನಿಮಿಷಕ್ಕೆ ಸಾಲದು. ಅಷ್ಟರಲ್ಲೇ ವರ್ಷಗಟ್ಟಲೆ ಬದುಕುವ ಯಂತ್ರ ಅದ್ಭುತವೇ ಸರಿ. ಆ ಅದ್ಭುತದ ಬಿಲ್ಲು ಮಾತ್ರ ಮೀಟರಿನಲ್ಲಿ ಬರುತ್ತದೆ, ಶೆಲ್ಲಿನಲ್ಲಲ್ಲ.

ಕರೆಂಟು ಸದಾ ಇರುತ್ತದೆಂಬ ನಂಬಿಕೆಯ ಮೇಲೆ ನಿಂತ ಈ ಏರ್ಪಾಡು ಮಲಪ್ರಭೆಯ ದಂಡೆಯಲ್ಲಿ ಬೇರೆಯದೇ ಪರೀಕ್ಷೆಗೆ ಒಳಗಾಗುತ್ತದೆ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನ ಕೆಳಗೆ, ರಾಮದುರ್ಗದ ಹೊಳೆಯ ಪಕ್ಕದ ಹೊಲಗಳಲ್ಲಿ, ದೂರದಿಂದ ನಿಯಂತ್ರಿಸಬೇಕಾದದ್ದು ಟಿವಿಯಲ್ಲ, ಪಂಪ್‌ಸೆಟ್ಟು. ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ರಾತ್ರಿಯ ಪಾಳಿಯಾದರೆ ಹಾವು, ಕತ್ತಲು, ಕೆಸರು ದಾಟಿ ಹೋಗಿ ಗುಂಡಿ ಒತ್ತಬೇಕು. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ್’ನಂಥ ಸಾಧನಗಳು ಮೊಬೈಲಿನಿಂದ ಪಂಪು ನಡೆಸುವುದನ್ನು ಸಾಧ್ಯವಾಗಿಸಿದ್ದು ಈ ನಡಿಗೆಯನ್ನು ತಪ್ಪಿಸಲು. ಅವಕೆಂಪು ಇಲ್ಲಿಗೆ ತಲುಪದು, ಗೋಡೆಯನ್ನೇ ದಾಟಲಾರದ ಬೆಳಕು ಅದು. ರೇಡಿಯೋ ತರಂಗವೇ ಬೇಕು. ತೇವ ಅಳೆಯುವ, ಕಾಲುವೆಯ ಬಾಗಿಲು ನೋಡುವ ಸಾಧನಗಳಿಗಂತೂ ಹತ್ತಿರ ತಂತಿಯೇ ಇಲ್ಲ. ಅಲ್ಲಿ ಕೇಳುವವನೂ ಶೆಲ್ಲಿನ ಮೇಲೆಯೇ ಬದುಕಬೇಕು. ಹೇಳುವವನು ಮಲಗಲು ಕೇಳುವವನು ಎಚ್ಚರವಿರಬೇಕೆಂಬ ಹಳೆಯ ಸೂತ್ರ ಅಲ್ಲಿ ನಡೆಯುವುದಿಲ್ಲ.

ಆ ಬಿಕ್ಕಟ್ಟಿಗೆ ಇಂಜಿನಿಯರುಗಳು ಕಂಡುಕೊಂಡ ಪರಿಹಾರ ಕಾಲುವೆಯ ರೈತರಿಗೆ ಹೊಸದಲ್ಲ: ಪಾಳಿ. ಕೇಳುವ ಯಂತ್ರ ಸೆಕೆಂಡಿಗೊಮ್ಮೆ ಐದೇ ಮಿಲಿಸೆಕೆಂಡು ಕಣ್ಣು ತೆರೆದು, ಯಾರಾದರೂ ಕರೆದರೇ ಎಂದು ಕೇಳಿ, ಮತ್ತೆ ಮಲಗುತ್ತದೆ. ಎಚ್ಚರವಿದ್ದಾಗ 15 ಮಿಲಿಆಂಪು ಬಳಸುವ ರೇಡಿಯೋ ಸದಾ ಎಚ್ಚರವಿದ್ದರೆ ಸಣ್ಣ ಶೆಲ್ಲು ಮೂರು ದಿನವೂ ಬಾರದು. ಪಾಳಿಯಲ್ಲಿ ಎದ್ದರೆ ಒಂದೂವರೆ ವರ್ಷ ಬಂದೀತು. ಕೊಡಬೇಕಾದ ಬೆಲೆ ಒಂದು ಸೆಕೆಂಡಿನ ತಡ. ನೀರು ಹೊಲದ ಬಾಯಿಗೆ ಬರಲು ಗಂಟೆಗಟ್ಟಲೆ ಕಾಯುವವರಿಗೆ ಒಂದು ಸೆಕೆಂಡು ಯಾವ ಲೆಕ್ಕ?

ತಂತ್ರಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ಬರೆಯುತ್ತೇವೆ: ಹೆಚ್ಚು ಶಕ್ತಿ, ಹೆಚ್ಚು ದೂರ, ಹೆಚ್ಚು ಬೇಗ. ರಿಮೋಟಿನ ಚರಿತ್ರೆ ಕಾಯುವುದರ ಚರಿತ್ರೆ. ಕೆಂಪಾಗಿ ಕಾದ ವಾಲ್ವಿನಿಂದ ಮಲಗುವ ಚಿಪ್ಪಿನವರೆಗೆ ಬದಲಾದದ್ದು ಕಾಯುವುದಕ್ಕೆ ತಗಲುವ ಖರ್ಚು, ಮತ್ತು ಆ ಖರ್ಚು ಯಾರ ಹೆಗಲಿಗೆ ಬೀಳುತ್ತದೆ ಎಂಬುದು. ಸದಾ ಕರೆಂಟಿರುವ ಊರುಗಳಲ್ಲಿ ಆ ಪ್ರಶ್ನೆ ಗೋಡೆಯ ಕೆಂಪು ಚುಕ್ಕೆಯ ಹಿಂದೆ ಅಡಗಿಬಿಡುತ್ತದೆ. ಶೆಲ್ಲನ್ನು ಬಿಸಿಲಿಗಿಡುವ ಊರುಗಳಲ್ಲಿ ಅದು ಅಡಗುವುದಿಲ್ಲ.